ತೋಳಿನ ಮೇಲಿನ ಎರಡು ಸಾಲು

ನವೆಂಬರ್ ಹದಿನೇಳು, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಶಿವಾಜಿನಗರದ ನಮ್ಮ ಓಣಿಯಲ್ಲಿ, ನಮ್ಮ ಮಹಡಿಯ ಕೆಳಮನೆಯ ಬಾಗಿಲಿಗೆ ಕಟ್ಟಿದ್ದ ಬೆಡ್‌ಶೀಟಿನ ಪರದೆ ಸರಿಸಿ ನಾನು ಒಳಗೆ ಹೋದದ್ದು ಆ ಹೊತ್ತಿಗೆ. ಇಲ್ಲಿ ಬರೆಯುತ್ತಿರುವುದೆಲ್ಲ ಅಲ್ಲಿಂದ ಶುರುವಾಯಿತು. ಆಗ ನನಗೆ ಹತ್ತೊಂಬತ್ತು ವರ್ಷ ಎರಡು ತಿಂಗಳು. ಈಗ ಇಪ್ಪತ್ತಮೂರು ನಡೆಯುತ್ತಿದೆ.

ಎಂಟನೇ ಕ್ಲಾಸಿನಿಂದ ನಾನು ದಿನಚರಿ ಬರೆಯುತ್ತೇನೆ. ಏನಾಯಿತು ಅನ್ನುವುದಕ್ಕಿಂತ ಎಷ್ಟು, ಎಷ್ಟು ಹೊತ್ತಿಗೆ ಅನ್ನುವುದೇ ಅದರಲ್ಲಿ ಹೆಚ್ಚು. ನಲ್ಲಿಯಲ್ಲಿ ನೀರು ಎಷ್ಟು ನಿಮಿಷ ಬಂತು, ಬಸ್ಸು ಎಷ್ಟು ತಡವಾಯಿತು, ಓಣಿಯಲ್ಲಿ ಒಂದು ದಿನಕ್ಕೆ ಎಷ್ಟು ಸಲ ಕರೆಂಟು ಹೋಯಿತು. ಆ ಗುರುವಾರದ ಪುಟದಲ್ಲಿ ಮಾತ್ರ ಮೇಲೆ ಬರೆದ ಗಂಟೆ ಬಿಟ್ಟರೆ ಬೇರೇನೂ ಇಲ್ಲ.

ಕೆಳಮನೆಯಲ್ಲಿ ಇದ್ದವರು ಒಬ್ಬರೇ ಹೆಂಗಸು. ಓಣಿಯ ಮಕ್ಕಳೆಲ್ಲ ಅವರನ್ನು ಖಾಲಾ ಎನ್ನುತ್ತಿದ್ದೆವು; ನಮ್ಮ ಮನೆಮಾತು ದಖನಿಯಲ್ಲಿ ಹಾಗೆಂದರೆ ಚಿಕ್ಕಮ್ಮ. ಅವರು ಸೀರೆಗೆ ಕುಚ್ಚು ಕಟ್ಟುತ್ತಿದ್ದರು. ಅಂಗಡಿಗಳಿಂದ ಸೀರೆಗಳು ಕಟ್ಟು ಕಟ್ಟಾಗಿ ಬರುತ್ತಿದ್ದವು. ಸೆರಗಿನ ಅಂಚಿನ ಎಳೆಗಳನ್ನು ಬಿಡಿಸಿ, ಎಣಿಸಿ, ಹೊಸೆದು ಗಂಟು ಹಾಕುವುದು ಅವರ ಕೆಲಸ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಶಾಲೆಯಿಂದ ಬಂದ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಳೆ ಹಿಡಿಸುತ್ತಿದ್ದರು. ಏಪ್ರಿಲ್ ಸೆಕೆಯಲ್ಲೂ ಅವರ ಕಮೀಜಿನ ತೋಳು ಮಣಿಕಟ್ಟಿನವರೆಗೆ ಇರುತ್ತಿತ್ತು. ನಮ್ಮಲ್ಲಿ ತುಂಬುತೋಳು ಹೊಸದೇನಲ್ಲವಾದ್ದರಿಂದ ಯಾರೂ ಅದನ್ನು ಗಮನಿಸಲಿಲ್ಲ. ಇನ್ನೊಂದನ್ನು ನಾನು ಗಮನಿಸಿದ್ದೆ, ಆದರೆ ಅದರ ಬಗ್ಗೆ ಯೋಚಿಸಿರಲಿಲ್ಲ. ಖಾಲಾ ಮಾತಾಡುತ್ತಿದ್ದದ್ದು ದಖನಿ, ಬೈಯುತ್ತಿದ್ದದ್ದು ದಖನಿ. ಎಳೆಗಳನ್ನು ಮಾತ್ರ ಕನ್ನಡದಲ್ಲಿ ಎಣಿಸುತ್ತಿದ್ದರು, ತುಟಿಯೊಳಗೇ, ಒಂದು, ಎರಡು, ಮೂರು, ನಾಕು. ಶಾಲೆಗೆ ಸೇರುವ ಮೊದಲೇ ನಾನು ಎಣಿಸಲು ಕಲಿತದ್ದು ಅವರಿಂದ.

ಆ ಗುರುವಾರ ಬೆಳಿಗ್ಗೆ ಅವರು ಬಾಗಿಲು ತೆಗೆಯಲಿಲ್ಲ. ನಮ್ಮಪ್ಪ, ಅಬ್ಬಾ, ಕಿಟಕಿಯಿಂದ ಕೈ ಹಾಕಿ ಚಿಲಕ ಸರಿಸಿದರು. ಖಾಲಾ ನಿದ್ದೆಯಲ್ಲೇ ಹೋಗಿದ್ದರು.

ನಮ್ಮಲ್ಲಿ ಹೆಂಗಸು ತೀರಿಕೊಂಡರೆ ಹೆಂಗಸರೇ ಸೇರಿ ಮೈ ತೊಳೆದು ಕಫನ್ ಎಂಬ ಬಿಳಿ ಬಟ್ಟೆ ಸುತ್ತಬೇಕು. ಆ ಮೈ ತೊಳೆಯುವುದಕ್ಕೆ ಗುಸ್ಲ್ ಎನ್ನುತ್ತಾರೆ. ಓಣಿಯಲ್ಲಿ ಆ ಕೆಲಸಕ್ಕೆ ಮುಂದೆ ನಿಲ್ಲುವವರು ಎಲ್ಲರೂ ಆಪಾ, ಅಂದರೆ ಅಕ್ಕ, ಎಂದು ಕರೆಯುವ ಕೊನೆಯ ಮನೆಯವರು, ಅರವತ್ತು ದಾಟಿದವರು. ಅವರ ಜೊತೆಗೆ ಇಬ್ಬರು ಬೇಕು. ಮದುವೆಯಾಗದ ಹುಡುಗಿಯರನ್ನು ನಮ್ಮ ಓಣಿಯಲ್ಲಿ ಒಳಗೆ ಕರೆಯುವುದಿಲ್ಲ. ನಾವು ಹೊರಗೆ ನೀರು ಕಾಯಿಸುತ್ತೇವೆ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುತ್ತೇವೆ. ಆವತ್ತು ನಮ್ಮಮ್ಮ, ಅಮ್ಮಿ, ಇದ್ದಳು, ಮೂರನೆಯವರು ಇರಲಿಲ್ಲ. ಯಾವಾಗಲೂ ಬರುವವರ ಕೈಗೆ ಪಟ್ಟಿ ಹಾಕಿದ್ದರು.

ಆಪಾ ನನ್ನ ಕಡೆ ನೋಡಿದರು. "ಇವಳು ಬರ್ಲಿ."

"ಇವಳಾ? ಇನ್ನೂ ಮಗು, ಆಪಾ," ಅಂದಳು ಅಮ್ಮಿ.

"ಹತ್ತೊಂಬತ್ತಕ್ಕೆ ನಂಗೆ ಎರಡು ಹೆರಿಗೆ ಆಗಿತ್ತು. ಮದುವೆ ಮನೇಲಿ ಬಡಿಸೋವಾಗ ದೊಡ್ಡವಳು, ಇಲ್ಲಿ ನೀರು ಹುಯ್ಯೋವಾಗ ಮಗುನಾ?" ಆಮೇಲೆ ನನಗೆ, "ಉಗುರು ತೋರ್ಸು. ಸರಿ, ಬಾ. ಒಂದು ಮಾತು ಕೇಳ್ಕೋ. ಒಳಗೆ ಕಂಡಿದ್ದು ಒಳಗೇ ಇರ್ಬೇಕು. ಹೊರಗೆ ಹೋಗಿ ಅದು ಹಂಗಿತ್ತು, ಇದು ಹಿಂಗಿತ್ತು ಅಂದ್ರೆ, ನಾಳೆ ನಿನ್ನ ಮೈ ತೊಳೆಯೋರೂ ಹಂಗೇ ಬಾಯಿ ಬಿಡ್ತಾರೆ. ನಿನ್ನ ಆ ಬುಕ್ಕಲ್ಲೂ ನಕ್ಕೋ."

ನಕ್ಕೋ ಎಂದರೆ ಬೇಡ. ನಾನು ತಲೆಯಾಡಿಸಿದೆ.

ಖಾಲಾ ಹಲಗೆಯ ಮೇಲಿದ್ದರು. ಮೈಮೇಲೆ ದಪ್ಪ ಬಟ್ಟೆ ಹೊದಿಸಿತ್ತು. ಎಲಚಿ ಎಲೆ ಹಾಕಿ ಕಾಯಿಸಿದ ನೀರಿನ ವಾಸನೆ ಕೋಣೆ ತುಂಬಿತ್ತು. ನಾನು ಚೆಂಬಿನಿಂದ ಹುಯ್ಯಬೇಕು. ಆಪಾ ಕೈಗೆ ಬಟ್ಟೆ ಸುತ್ತಿಕೊಂಡು ತೊಳೆಯುತ್ತಿದ್ದರು. ಅಮ್ಮಿ ಹೊರಳಿಸಲು ಹಿಡಿದಿದ್ದಳು. ಬಲಗಡೆ ಮೊದಲು. ನಾನು ಚೆಂಬುಗಳನ್ನು ಎಣಿಸತೊಡಗಿದೆ.

ಇಪ್ಪತ್ತಾರನೆಯ ಚೆಂಬಿಗೆ ಎಡತೋಳು ಬಂತು. ಮೊಣಕೈಯ ಕೆಳಗೆ, ಒಳಬದಿಯಲ್ಲಿ ಹಚ್ಚೆ ಇತ್ತು. ಹಸಿರು ಹೋಗಿ ಕಪ್ಪಾಗಿತ್ತು, ಅಕ್ಷರಗಳು ವಯಸ್ಸಿನೊಡನೆ ಹಿಗ್ಗಿದ್ದವು. ಕನ್ನಡದಲ್ಲಿ ಎರಡು ಸಾಲು.

ಆಪಾಗೆ ಉರ್ದು ಓದಲು ಬರುತ್ತದೆ. ಅಮ್ಮಿ ಬಸ್ಸಿನ ನಂಬರ್ ಓದುತ್ತಾಳೆ. ಆ ಕೋಣೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ, ಹತ್ತನೆಯವರೆಗೆ ಕನ್ನಡ ಮೀಡಿಯಮ್ಮಿನಲ್ಲಿ ಓದಿದವಳು.

"ಕ್ಯಾ ಲಿಖ್ಕೊ ಹೈ ಬೇಟಾ?" ಏನು ಬರೆದಿದೆ ಎಂದು ಆಪಾ ಕೇಳಿದರು.

ನಾನು ಆಗಲೇ ಓದಿಯಾಗಿತ್ತು. ಮೇಲಿನ ಸಾಲು ಒಂದು ಹೆಸರು. ಕೆಳಗಿನದು ಒಂದು ಊರು.

"ಅಳಿಸಿಹೋಗಿದೆ ಆಪಾ," ಎಂದೆ. "ಗೊತ್ತಾಗ್ತಿಲ್ಲ."

"ಸರಿಯಾಗಿ ನೋಡು."

"ಗೊತ್ತಾಗ್ತಿಲ್ಲ."

ಆಪಾ ಒಂದು ಗಳಿಗೆ ನನ್ನ ಮುಖ ನೋಡಿದರು. "ಹಾಗಾದ್ರೆ ಹುಯ್ಯಿ."

ಇಪ್ಪತ್ತೇಳು.

ಯಾಕೆ ಹಾಗೆಂದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮೊದಲ ಬಾರಿ ದೊಡ್ಡವರ ಕೆಲಸಕ್ಕೆ ಕರೆದಿದ್ದರು. ಕಂಡದ್ದನ್ನು ನುಂಗಿಕೊಳ್ಳುವುದೇ ದೊಡ್ಡವರ ಲಕ್ಷಣ ಎಂದುಕೊಂಡೆ. ಕೇಳುತ್ತಿರುವ ಆಪಾ ಕೋಣೆಯ ಒಳಗೇ ಇದ್ದಾರೆ, ಅವರಿಗೆ ಹೇಳಿದರೆ ಮಾತು ಹೊರಗೆ ಹೋದಂತಲ್ಲ ಎಂಬ ಇಷ್ಟು ಸಣ್ಣ ಲೆಕ್ಕ ನನಗೆ ಹೊಳೆಯಲಿಲ್ಲ.

ಕಫನ್ ಸುತ್ತಿದ ಮೇಲೆ ತೋಳು ಕಾಣಲಿಲ್ಲ. ಮಧ್ಯಾಹ್ನ ನಾಲ್ಕೂವರೆಗೆ ಗಂಡಸರು ಎತ್ತಿಕೊಂಡು ಹೋದರು. ಹೆಂಗಸರು ನಮ್ಮ ಮನೆಯ ಚಾಪೆಯ ಮೇಲೆ ಕುಳಿತರು. ಯಾವಾಗಲೂ ನಾನು ಒಳಗೆ ಬಂದರೆ ಅವರ ಮಾತು ತಗ್ಗುತ್ತಿತ್ತು. ಆವತ್ತು ತಗ್ಗಲಿಲ್ಲ. ಆಪಾ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಅಮ್ಮಿ ಟ್ರೇ ಹಿಡಿದು ಬಂದಾಗ ನಾನು ಎದ್ದೆ, ಅವಳು "ಕೂತ್ಕೋ" ಎಂದು ನನಗೂ ಒಂದು ಕಪ್ಪು ಕೊಟ್ಟಳು. ಆ ಟೀ ಎಷ್ಟು ಹಿತವಾಗಿತ್ತೆಂದರೆ ನನಗೆ ಈಗ ನಾಚಿಕೆಯಾಗುತ್ತದೆ.

ಆ ಹಿತ ಹನ್ನೊಂದು ದಿನ ಇತ್ತು.

ಹನ್ನೆರಡನೆಯ ದಿನ, ಬಸ್ಸಿನ ಕಿಟಕಿಯಿಂದ, ಒಂದು ಹಾರ್ಡ್‌ವೇರ್ ಅಂಗಡಿಯ ಬೋರ್ಡಿನ ಮೇಲೆ ಆ ಹೆಸರು ಕಂಡಿತು. ಅಪರೂಪದ ಹೆಸರೇನಲ್ಲ. ಮಾರನೆಯ ದಿನ ಒಂದು ಆಟೋದ ಹಿಂದೆ. ಆಮೇಲೆ ಮದುವೆಯ ಬ್ಯಾನರಿನಲ್ಲಿ. ನಾನು ಡೈರಿಯ ಕೊನೆಯ ಪುಟದಲ್ಲಿ ಗೆರೆ ಎಳೆಯುತ್ತ ಹೋದೆ, ಹೆಸರು ಬರೆಯದೆ, ಐದಕ್ಕೊಂದು ಅಡ್ಡಗೆರೆ. ಇದನ್ನು ಬರೆಯುವ ಹೊತ್ತಿಗೆ ಇನ್ನೂರ ಹದಿನೆಂಟು. ಅದರಲ್ಲಿ ಅರವತ್ತಮೂರು ನಾನು ಕೆಲಸ ಮಾಡುವ ಕಡೆ ಬಂದವು. ಇಂದಿರಾನಗರದ ಒಂದು ಲ್ಯಾಬಿನಲ್ಲಿ ರಕ್ತದ ಟ್ಯೂಬುಗಳಿಗೆ ಹೆಸರಿನ ಚೀಟಿ ಅಂಟಿಸುವುದು ನನ್ನ ಕೆಲಸ. ಆ ಹೆಸರಿನ ಟ್ಯೂಬು ಬಂದಾಗ ಬೆಚ್ಚಗಿರುತ್ತದೆ. ಎಲ್ಲ ಟ್ಯೂಬುಗಳೂ ಬೆಚ್ಚಗೇ ಇರುತ್ತವೆ, ಆದರೂ.

ಇನ್ನೊಂದು ಇದೆ. ನಮ್ಮ ಮಹಡಿಗೆ ಹದಿನಾಲ್ಕು ಮೆಟ್ಟಿಲು, ಕೆಳಮನೆಯ ಕಿಟಕಿಯ ಪಕ್ಕದಲ್ಲೇ ಹತ್ತಬೇಕು. ನಾನು ಹತ್ತುವಾಗ ಎಣಿಸುತ್ತೇನೆ. ಎಂಟರವರೆಗೆ ನಾನೇ ಎಣಿಸುತ್ತೇನೆ. ಒಂಬತ್ತರಿಂದ ಮುಂದೆ ಎಣಿಕೆ ನಡೆಯುತ್ತದೆ, ಎಣಿಸುತ್ತಿರುವವಳು ನಾನಲ್ಲ. ಕೆಳಗಡೆ ಈಗ ಮೊಬೈಲ್ ರಿಪೇರಿ ಮಾಡುವ ಇಬ್ಬರು ಅಣ್ಣತಮ್ಮಂದಿರು ಇದ್ದಾರೆ, ದಿನವಿಡೀ ಹಾಡು ಹಾಕುತ್ತಾರೆ. ಹಾಡಿನ ಅಡಿಯಲ್ಲೂ ಕೇಳುತ್ತದೆ, ಹತ್ತು, ಹನ್ನೊಂದು.

ಲ್ಯಾಬಿನಲ್ಲಿ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ನಾವು ನಾಲ್ಕು ಜನ ಹುಡುಗಿಯರು ಡಬ್ಬಿ ಬಿಚ್ಚಿಕೊಂಡು ಕೂತಿದ್ದೆವು. ದೊಡ್ಡವರಾಗಿದ್ದೀವಿ ಅಂತ ಯಾವಾಗ ಗೊತ್ತಾಯ್ತು ಎಂಬ ಮಾತು ಬಂತು.

"ನಂಗಾ? ಮೊನ್ನೆ ಡೆಲಿವರಿ ಹುಡ್ಗ ಆಂಟಿ ಅಂದ್ಬಿಟ್ಟ ಮಗಾ. ಅವನಿಗೇ ಮೀಸೆ ಬಂದಿತ್ತು!"

"ನಮ್ಮಪ್ಪಂಗೆ ಇಂಜೆಕ್ಷನ್ ಅಂದ್ರೆ ಭಯ. ಡಾಕ್ಟರ್ ಹತ್ರ ನನ್ನ ಕೈ ಹಿಡ್ಕೊಂಡ್ರು ಕಣೇ. ಅವತ್ತೇ."

"ನೀನ್ ಹೇಳು," ಎಂದು ಮೂವರೂ ನನ್ನ ಕಡೆ ತಿರುಗಿದರು. "ತಾರೀಖು, ಗಂಟೆ, ನಿಮಿಷ ಎಲ್ಲಾ ಇರುತ್ತೆ ಇವಳ ಹತ್ರ."

ಇತ್ತು. "ನಂಗಿನ್ನೂ ಗೊತ್ತಾಗಿಲ್ಲ ಬಿಡ್ರೇ," ಎಂದೆ.

ಊರಿನ ವಿಷಯ. ಅದು ಎಲ್ಲೋ ದೂರದ ಹಳ್ಳಿ ಎಂದೇ ನಾನು ನಂಬಿದ್ದೆ. ದೂರವಿದ್ದರೆ ನನ್ನ ಸುಳ್ಳಿನ ಭಾರವೂ ಕಡಿಮೆ ಅನಿಸುತ್ತಿತ್ತು. ಅಷ್ಟು ದೂರದಿಂದ ಯಾರು ಬರುತ್ತಿದ್ದರು, ಹೊತ್ತಾದರೂ ಎಲ್ಲಿತ್ತು. ಕಳೆದ ವರ್ಷ ಜುಲೈ ಎರಡು, ಬುಧವಾರ, ನಮ್ಮ ಲ್ಯಾಬಿನಿಂದ ಕೆ.ಆರ್. ಪುರದ ಕಡೆಯ ಒಂದು ಅಪಾರ್ಟ್‌ಮೆಂಟಿಗೆ ಸ್ಯಾಂಪಲ್ ತರಲು ಕಳಿಸಿದರು. ದಾರಿಯಲ್ಲಿ ಟ್ರಾಫಿಕ್ ನಿಂತಿತು. ಪಕ್ಕದಲ್ಲಿ ಒಂದು ಹಳೆಯ ಸರ್ಕಾರಿ ಶಾಲೆ. ಅದರ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ, ತೋಳಿನ ಮೇಲಿದ್ದ ಅದೇ ಊರಿನ ಹೆಸರು. ಸುತ್ತ ಎಲ್ಲ ಅಂಗಡಿಗಳ ಬೋರ್ಡಿನಲ್ಲೂ ಬೇರೆ ಬೇರೆ ಲೇಔಟುಗಳ ಹೆಸರಿದ್ದವು. ಹಳೆಯ ಹೆಸರು ಉಳಿದಿದ್ದದ್ದು ಆ ಗೋಡೆಯ ಮೇಲೆ ಮಾತ್ರ.

ಫೋನಿನಲ್ಲಿ ನೋಡಿದೆ. ಶಿವಾಜಿನಗರದ ನಮ್ಮ ಮನೆಯಿಂದ ಒಂಬತ್ತೂ ಕಾಲು ಕಿಲೋಮೀಟರು. ಆಟೋದಲ್ಲಿ ನಲವತ್ತು ನಿಮಿಷ.

ಆವತ್ತು ನಾನು ತೋಳು ಕಂಡದ್ದು ಹತ್ತು ನಲವತ್ತಕ್ಕೆ, ಬರೆದಿಡದಿದ್ದರೂ ನೆನಪಿದೆ. ಖಾಲಾರನ್ನು ಎತ್ತಿಕೊಂಡು ಹೋದದ್ದು ನಾಲ್ಕೂವರೆಗೆ. ನಡುವೆ ಐದು ಗಂಟೆ ಐವತ್ತು ನಿಮಿಷ. ಅಷ್ಟರಲ್ಲಿ ಯಾರಾದರೂ ಹೋಗಿ ಕರೆದುಕೊಂಡು ಬರಬಹುದಿತ್ತು, ನಾಲ್ಕು ಸಲ.

ಆ ಲೆಕ್ಕವನ್ನು ಮೂರು ಬಾರಿ ಮಾಡಿದೆ. ಮೂರು ಬಾರಿಯೂ ಅದೇ ಬಂತು.

ಜುಲೈ ಹದಿಮೂರು, ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ಅಲ್ಲಿಗೆ ಹೋದೆ. ಶಾಲೆಯ ಹಿಂದಿನ ಬೀದಿಯಲ್ಲಿ ಹಂಚಿನ ಮನೆಗಳು ಹನ್ನೆರಡು ಉಳಿದಿದ್ದವು, ನಡುನಡುವೆ ಐದು ಮಹಡಿಯ ಪೀಜಿಗಳು. ಯಾರನ್ನು ಏನು ಕೇಳುವುದೆಂದು ತಿಳಿಯದೆ ಒಂದು ಹಿಟ್ಟಿನ ಮಿಲ್ಲಿನ ಮುಂದೆ ನಿಂತೆ.

"ಲೇಡೀಸ್ ಪೀಜಿ ಆ ಕಡೆ ಮೇಡಂ," ಅಂದ ಮಿಲ್ಲಿನವನು. "ಊಟ ಚೆನ್ನಾಗಿರಲ್ಲ, ಈಗ್ಲೇ ಹೇಳಿರ್ತೀನಿ."

ಬೆಂಚಿನ ಮೇಲೆ ರಾಗಿ ಬೀಸಿಸಲು ಬಂದ ಅಜ್ಜಿಯೊಬ್ಬರು ಕೂತಿದ್ದರು, ಎಪ್ಪತ್ತರ ಆಸುಪಾಸು. ನನ್ನ ತಲೆಯ ಮೇಲಿನ ದುಪಟ್ಟಾ ನೋಡಿ, "ಯಾರ್ ಬೇಕಿತ್ತವ್ವಾ?" ಎಂದರು.

"ಯಾರೂ ಇಲ್ಲ ಅಜ್ಜಿ, ಸುಮ್ನೆ ನಿಂತಿದ್ದೆ."

"ಸಾಬರ ಹುಡ್ಗಿ, ಎಷ್ಟ್ ಚೆಂದಾಗ್ ಕನ್ನಡ ಆಡ್ತೀಯ!"

"ಇಲ್ಲೇ ಹುಟ್ಟಿದ್ದು ಅಜ್ಜಿ, ಇನ್ನೇನ್ ಆಡ್ಲಿ?"

"ಅದೂ ಸರಿಯೇ. ನನ್ ಮೊಮ್ಮಕ್ಳು ಇಲ್ಲೇ ಹುಟ್ಟಿದ್ವು, ಒಂದಕ್ಕೂ ಬರಾಕಿಲ್ಲ." ಅವರೇ ನಕ್ಕು, ಸರಿದು ಕೂತು, ಬೆಂಚು ತಟ್ಟಿದರು. ನಾನು ಕೂತೆ.

ಅವರ ತೋಳಿನ ಮೇಲೆಲ್ಲ ಹಿಟ್ಟಿನ ಧೂಳು ಕೂತಿತ್ತು. ಸೆರಗಿನಿಂದ ಒರೆಸಿಕೊಂಡರು. ಮೊಣಕೈಯ ಕೆಳಗೆ, ಒಳಬದಿಯಲ್ಲಿ ಹಚ್ಚೆ ಎದ್ದು ಬಂತು. ಎರಡು ಸಾಲು. ಮೇಲೆ ಬೇರೊಂದು ಹೆಸರು, ಕೆಳಗೆ ಅದೇ ಊರು. ಅಕ್ಷರ ಕೊರೆದ ಕೈಯೂ ಅದೇ. ನನ್ನ ಕಣ್ಣು ಅಲ್ಲೇ ನಿಂತದ್ದನ್ನು ಅವರು ಕಂಡರು.

"ಹಚ್ಚೆ ನೋಡ್ತೀಯಾ? ಈಗಿನವ್ರೂ ಹಾಕುಸ್ಕತಾರಲ್ಲ, ಚೇಳು, ಚಿಟ್ಟೆ, ಎಂಥೆಂಥದೋ. ನಮ್ದು ಚೆಂದಕ್ಕಲ್ಲ. ಆಗ ನಮ್ಮವ್ವದೀರು ಸೊಪ್ಪು ಮಾರಾಕೆ ಹಲಸೂರಿಗೆ ಹೋಗೋರು, ನಮ್ಮುನ್ನೂ ಎಳ್ಕಂಡು. ಆ ಜನದಾಗೆ ಮಕ್ಳು ತಪ್ಪಿಸ್ಕಂಡ್ರೆ ಏನ್ ಮಾಡಾದು? ನಮ್ಗೆ ಓದಾಕ್ ಬರಾಕಿಲ್ಲ, ಊರ್ ಹೆಸ್ರೂ ನೆಟ್ಗೆ ಹೇಳಾಕ್ ಬರಾಕಿಲ್ಲ. ಓದ್ದೋರು ಯಾರಾನಾ ನೋಡಿ ಮನೆಗ್ ತಲುಪುಸ್ಲಿ ಅಂತ ಹಾಕ್ಸಿದ್ದು. ನಾಕ್ ಜನ ಹುಡ್ಗೀರು, ಒಂದೇ ದಿನ. ಒಬ್ಳು ಕಿರುಚ್ಕಂಡಿದ್ದು ನೋಡ್ಬೇಕಿತ್ತು!"

"ನಾಲ್ಕು ಜನ ಈಗೆಲ್ಲಿದ್ದಾರೆ ಅಜ್ಜಿ?"

"ಇಬ್ರು ತೀರ್ಕಂಡ್ರು. ನಾನಿಲ್ಲಿ ಕುಂತಿವ್ನಿ."

"ಇನ್ನೊಬ್ರು?"

"ಹೋದ್ಲು."

"ಎಲ್ಲಿಗೆ?"

"ಹೋದ್ಲು ಅಂದ್ರೆ ಹೋದ್ಲು ಕಣವ್ವಾ. ಅವ್ರವ್ವ ಸಾಯೋಗಂಟ ಆ ಶಾಲೆ ತಾವ ನಿಂತು ಬಸ್ಸು ನೋಡೋಳು."

ಮಿಲ್ಲಿನವನು "ಅಜ್ಜಿ, ಆಯ್ತು" ಎಂದು ಕೂಗಿದ. ಅವರು ಡಬ್ಬ ಎತ್ತಿಕೊಂಡು, "ಅಗೋ, ಅದೇ ನಮ್ಮನೆ" ಎಂದು ಎದುರಿನ ಹಂಚಿನ ಮನೆ ತೋರಿಸಿದರು. ನನ್ನ ಬಾಯಲ್ಲಿ ಹೆಸರು ಬಂದು ನಿಂತಿತ್ತು. ಓದಿದವರು ಯಾರಾದರೂ ನೋಡಿ ಮನೆಗೆ ತಲುಪಿಸಲಿ. ಓದಿದವಳು ನಾನು, ನೋಡಿದೆ, ಅಳಿಸಿಹೋಗಿದೆ ಎಂದೆ. ನಾನು ಅಜ್ಜಿಗೆ ಹೇಳಿದ್ದು "ಬರ್ತೀನಿ ಅಜ್ಜಿ" ಎಂದಷ್ಟೇ.

ಆ ವಾರವೇ ಶುಕ್ರವಾರ, ಸಂಜೆ ಐದಕ್ಕೆ, ಆಪಾ ಮನೆಗೆ ಹೋದೆ. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಎಲ್ಲ ಹೇಳಿದೆ. ಅವರು ಮೊರ ಕೆಳಗಿಡಲಿಲ್ಲ.

"ಗೊತ್ತಿತ್ತು," ಎಂದರು. "ಓದೋಕ್ಕಾಗದವಳ 'ಗೊತ್ತಾಗ್ತಿಲ್ಲ' ಬೇರೆ ಥರ ಇರುತ್ತೆ. ಅವಳ ಊರು ಯಾವ್ದೋ ಬೇರೆ ಅಂತ ನಮ್ಮ ವಯಸ್ಸಿನೋರಿಗೆಲ್ಲ ಗೊತ್ತಿತ್ತು, ಯಾವ್ದು ಅಂತ ಅವಳು ಯಾವತ್ತೂ ಹೇಳ್ಲಿಲ್ಲ. ನಾನು ಸುಮ್ನೆ ಕೇಳಿದ್ನಾ ನಿನ್ನ? ಯಾರಿಗಾದ್ರೂ ಹೇಳಿಕಳಿಸೋಣ ಅಂತ ಕೇಳಿದ್ದು."

"ಒಳಗೆ ಕಂಡಿದ್ದು ಒಳಗೇ ಅಂದಿದ್ರಲ್ಲ ಆಪಾ."

"ಮೈಮೇಲಿನ ಕುಂದು ಓಣಿ ಬಾಯಿಗೆ ಬೀಳಬಾರದು ಅಂತ ಅಂದೆ. ಹೆಸರು ಕುಂದಾ?"

"ಅವರೇ ಮುಚ್ಚಿಕೊಂಡಿದ್ರಲ್ಲ, ಅಷ್ಟು ವರ್ಷ."

ಆಪಾ ಅಕ್ಕಿಯಿಂದ ಒಂದು ಕಲ್ಲು ಆರಿಸಿ ಎಸೆದರು. "ನಮ್ಮಿಂದ ಮುಚ್ಕೊಂಡಿದ್ಲು. ಅವಳ ಊರಿನೋರಿಂದಲೂ ಮುಚ್ಕೊಂಡಿದ್ಲಾ ಅಂತ ನಂಗೆ ಗೊತ್ತಿಲ್ಲ."

"ಈಗ ಏನ್ ಮಾಡ್ಲಿ?"

"ನನ್ನ ಯಾಕೆ ಕೇಳ್ತೀಯ? ನಾನು ಕೇಳಿದಾಗ ನೀನು ಹೇಳ್ಲಿಲ್ಲ. ಈಗ ನೀನು ಕೇಳ್ತೀಯ, ನನ್ನ ಹತ್ರ ಇಲ್ಲ. ನೋಡು, ನೀನೇ ನೋಡು." ಬೈಗುಳದ ದನಿಯಲ್ಲ. ಅಮ್ಮಿಯೊಡನೆ ಮಾತಾಡುವ ದನಿ ಅದು, ತನ್ನ ಸಮಾನರೊಡನೆ ಮಾತಾಡುವ ದನಿ. ಚಾಪೆಯ ಮೇಲೆ ಟೀ ಕುಡಿದ ದಿನ ನಾನು ದೊಡ್ಡವಳಾದೆ ಎಂದುಕೊಂಡಿದ್ದೆ. ಆಪಾ ಹೀಗೆ ಹೇಳಿದ ಆ ಶುಕ್ರವಾರ ಹಿತವಾಗಲಿಲ್ಲ. ನನಗಿಂತ ದೊಡ್ಡವರು ಎಂದು ಕೇಳಲು ಇನ್ನು ಯಾರೂ ಇಲ್ಲ ಎಂದು ಗೊತ್ತಾಯಿತು.

ಮುಂದಿನ ಭಾನುವಾರವೇ ಹೋಗಬಹುದಿತ್ತು. ಹೋಗಲಿಲ್ಲ. ಮೂರು ಭಾನುವಾರ ಏನೋ ನೆವ ಹುಡುಕಿಕೊಂಡೆ. ಡೈರಿಯಲ್ಲಿ ಮೂರೂ ನೆವಗಳಿವೆ, ಒಂದು ತಲೆನೋವು. ಆಗಸ್ಟ್ ಹತ್ತಕ್ಕೆ ಹೋದಾಗ ಅಜ್ಜಿಯ ಮನೆ ಇದ್ದ ಕಡೆ ತಗಡು ಕಟ್ಟಿದ್ದರು. ಒಳಗೆ ಜೇಸಿಬಿ ಓಡುತ್ತಿತ್ತು.

"ಅಪಾರ್ಟ್‌ಮೆಂಟ್ ಏಳ್ತಿದೆ," ಅಂದ ಮಿಲ್ಲಿನವನು. "ಮಗ ಎಲ್ಲಾರ್ನೂ ಕರ್ಕೊಂಡು ಹೋದ. ಹೊಸಕೋಟೆ ಕಡೆ ಅಂತಾರೆ, ಮಾಲೂರು ಅಂತಾನೂ ಅಂತಾರೆ."

"ಫೋನ್ ನಂಬರ್ ಇದೆಯಾ?"

"ಆ ಅಜ್ಜಿ ಹತ್ರ ಎಲ್ಲಿ ಫೋನು ಮೇಡಂ. ಮಗ ನನ್ನ ಹತ್ರ ಮಾತಾಡೋದೇ ಇಲ್ಲ. ಅವರು ನಿಮಗೇನಾಗ್ಬೇಕು?"

ಉಳಿದ ಹನ್ನೊಂದು ಹಂಚಿನ ಮನೆಗಳಲ್ಲಿ ಏಳರ ಬಾಗಿಲು ತಟ್ಟಿದೆ. ನಿಮ್ಮ ಮನೆಯಿಂದ ಬಹಳ ಹಿಂದೆ ಹೋದ ಹೆಣ್ಣುಮಗಳು ಯಾರಾದರೂ ಇದ್ದಾರಾ ಎಂದು ಕೇಳಿದೆ. ಹೆಸರು ಹೇಳಲಿಲ್ಲ. ಯಾರ ಮನೆಯಲ್ಲಿ ಆ ಹೆಸರು ಏನು ಎಬ್ಬಿಸುತ್ತದೋ, ನನಗೆ ತಿಳಿಯದು. ಐದು ಮನೆಯಲ್ಲಿ ಬಾಡಿಗೆಯವರು. ಒಂದರಲ್ಲಿ "ಯಾರ್ ನೀನು? ಯಾಕ್ ಕೇಳ್ತಿದ್ದೀಯ?" ಎಂದರು. ಇನ್ನೊಂದರಲ್ಲಿ ಬಾಗಿಲು ತೆರೆದ ಮುದುಕರು ನನ್ನ ಪ್ರಶ್ನೆ ಪೂರ್ತಿ ಕೇಳಿ, ಮೆಲ್ಲಗೆ ಬಾಗಿಲು ಹಾಕಿಕೊಂಡರು. ಚಿಲಕದ ಸದ್ದು ಬರಲಿಲ್ಲ. ಅವರು ಬಾಗಿಲ ಹಿಂದೆಯೇ ನಿಂತಿದ್ದರು ಎಂದು ಕಾಣುತ್ತದೆ. ನಾನೂ ಆರು ನಿಮಿಷ ನಿಂತಿದ್ದೆ. ಆಮೇಲೆ ಎರಡು ಸಲ ಆ ಮನೆಯ ಮುಂದೆ ಹೋಗಿದ್ದೇನೆ. ಬಾಗಿಲು ತೆರೆಯಲಿಲ್ಲ.

ಅದಕ್ಕೇ ಇದನ್ನು ಬರೆದು ಅಚ್ಚಿಗೆ ಕೊಡುತ್ತಿದ್ದೇನೆ. ಇದು ಸರಿಯೋ ತಪ್ಪೋ ಎಂದು ಈ ಸಲ ಯಾರನ್ನೂ ಕೇಳಿಲ್ಲ. ತೋಳಿನ ಮೇಲೆ ಬರಹವಿತ್ತು ಎಂದು ಹೇಳಿದ್ದೇನೆ, ಏನಿತ್ತು ಎಂದು ಹೇಳಿಲ್ಲ, ಹೇಳುವುದಿಲ್ಲ. ಅವರು ಯಾಕೆ ಹೊರಟರು, ಯಾರ ಜೊತೆ ಹೊರಟರು ಎಂಬುದು ನನಗೆ ಬೇಕಿಲ್ಲ.

ಬೆಂಗಳೂರಿನ ಪೂರ್ವಕ್ಕೆ, ಹಿಂದೆ ಹಳ್ಳಿಯಾಗಿದ್ದ ಊರುಗಳಲ್ಲಿ ಒಂದು ನಿಮ್ಮದಾಗಿದ್ದರೆ, ನಿಮ್ಮ ಮನೆಯಲ್ಲಿ ಒಬ್ಬ ಅಕ್ಕನೋ ಅತ್ತೆಯೋ ಹೋದವರು ತಿರುಗಿ ಬರಲಿಲ್ಲ ಎಂಬ ಮಾತನ್ನು ನೀವು ಕೇಳಿದ್ದರೆ, ಅವರ ಎಡತೋಳಿನ ಮೇಲೆ ಏನು ಬರೆಸಿದ್ದರು ಎಂದು ನೆನಪಿಸಿಕೊಳ್ಳಿ. ಇದನ್ನು ಅಚ್ಚು ಹಾಕಿದವರ ವಿಳಾಸಕ್ಕೆ ಆ ಎರಡು ಸಾಲು ಬರೆದು ಕಳಿಸಿದರೆ ಸಾಕು. ಹೊಸಕೋಟೆಗೋ ಮಾಲೂರಿಗೋ ಹೋದ ಆ ಅಜ್ಜಿ ನಿಮ್ಮ ಬೀದಿಯಲ್ಲಿದ್ದರೆ, ಇದನ್ನು ಅವರಿಗೆ ಓದಿ ಹೇಳಿ. ಅವರಿಗೆ ಓದಲು ಬರುವುದಿಲ್ಲ. ಹೆಸರು ಹೊಂದಿದರೆ ಖಾಲಾ ಮಲಗಿರುವ ಜಾಗ ಅಬ್ಬಾ ತೋರಿಸುತ್ತಾರೆ, ನಮ್ಮಲ್ಲಿ ಹೆಂಗಸರು ಖಬರಸ್ತಾನದ ಒಳಗೆ ಹೋಗುವುದಿಲ್ಲ, ನಾನು ಗೇಟಿನವರೆಗೆ ಬರುತ್ತೇನೆ. ನನಗೆ ಬೈಯುವುದಿದ್ದರೆ ಅದನ್ನೂ ಬರೆಯಿರಿ.